ರೋಮಿಗೆ ಹೋಗದ ತಾಯಿ, ಇಕ್ಕೇರಿಗೆ ಬಂದ ರೋಮಿನವ

2025ರ ಜ್ಯೂಬಿಲಿ ವರ್ಷದ ನವೆಂಬರ್ ತಿಂಗಳಲ್ಲಿ ನಮ್ಮ ಕಡೆಯ ಕೆಲವು ಕಥೊಲಿಕ ಕುಟುಂಬಗಳು ಒಟ್ಟುಗೂಡಿ ರೋಮಾಪುರಿಯ ಯಾತ್ರೆಗೆ ಹೊರಟವು. ಶಿರಸಿಯಿಂದ ಕೆಲವರು, ಸಿದ್ದಾಪುರದಿಂದ ಕೆಲವರು, ಯಲ್ಲಾಪುರದ ದಂಪತಿಗಳಿಬ್ಬರು. ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ದಾಟಿ ಬರುವ ಪುಣ್ಯ ಇಪ್ಪತ್ತೈದು ವರ್ಷಕ್ಕೊಮ್ಮೆ ಒದಗುವಂಥದು. ಆ ಪಟ್ಟಿಯಲ್ಲಿ ನನ್ನ ತಂದೆ ತಾಯಿಯ ಹೆಸರುಗಳೂ ಇದ್ದವು. ಮದುವೆಯ ಸುವರ್ಣ ಮಹೋತ್ಸವದ ನಿಮಿತ್ತ ಎರಡು ವರ್ಷಗಳಿಂದ ಅಡಿಕೆ ಮಾರಿದ ಹಣದಲ್ಲಿ ಸ್ವಲ್ಪ ಸ್ವಲ್ಪ ಎತ್ತಿಟ್ಟು, ಪಾಸ್‌ಪೋರ್ಟ್ ಮಾಡಿಸಿ, ಉಣ್ಣೆಯ ಅಂಗಿ ಹೊಲಿಸಿ ಸಿದ್ಧರಾಗಿದ್ದರು. ಆದರೆ ಫೆಬ್ರವರಿಯಲ್ಲಿ ತಂದೆಯವರು ತೀರಿಕೊಂಡರು. ತಾಯಿ ಒಬ್ಬರೇ ಹೋಗಲು ಒಪ್ಪಲಿಲ್ಲ. ನಾವು ಮಕ್ಕಳು ಎಷ್ಟು ಒತ್ತಾಯಿಸಿದರೂ, "ಇಬ್ಬರು ಹೋಗಬೇಕೆಂದಿದ್ದ ಊರಿಗೆ ಒಬ್ಬಳು ಹೋಗಿ ಏನು ನೋಡಲಿ?" ಎಂಬುದೊಂದೇ ಮಾತು.

ಯಾತ್ರಿಕರನ್ನು ಬೀಳ್ಕೊಟ್ಟ ಮರುದಿನ ತಾಯಿ ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ಕುಳಿತಿದ್ದರು. ಆ ಮೌನವನ್ನು ನೋಡಲಾರದೆ ನಾನು ಬಾಯಿಗೆ ಬಂದುದನ್ನು ಹೇಳಿಬಿಟ್ಟೆ: "ಅಮ್ಮಾ, ನೀವು ರೋಮಿಗೆ ಹೋಗದಿದ್ದರೆ ಬೇಡ. ರೋಮಿನವನೊಬ್ಬ ನಾನೂರು ವರ್ಷಗಳ ಹಿಂದೆ ನಮ್ಮ ಘಟ್ಟ ಹತ್ತಿ ಬಂದಿದ್ದ. ಅವನು ನೋಡಿದ ಊರನ್ನು ನಾವೂ ನೋಡಿ ಬರೋಣ, ನಡೆಯಿರಿ." ತಾಯಿ ತಲೆಯೆತ್ತಿ, "ಯಾರು, ಪಾದ್ರಿಯೋ?" ಎಂದು ಕೇಳಿದರು. ಪಾದ್ರಿಯಲ್ಲ, ಸಂಸಾರಸ್ಥ ಎಂದೆ. ಅಷ್ಟಕ್ಕೆ ಅವರಿಗೆ ಸ್ವಲ್ಪ ಕುತೂಹಲ ಹುಟ್ಟಿದಂತೆ ಕಂಡಿತು.

ಪ್ರಿಯ ವಾಚಕರೇ, ಆ ಸಂಸಾರಸ್ಥನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. 1586ರಲ್ಲಿ ರೋಮಿನ ಗಣ್ಯ ಮನೆತನವೊಂದರಲ್ಲಿ ಹುಟ್ಟಿದವನು. ಯೌವನದಲ್ಲಿ ಒಲಿದ ಹೆಣ್ಣು ಬೇರೊಬ್ಬನ ಕೈ ಹಿಡಿದುದರಿಂದ ಮನನೊಂದು, ಪುಣ್ಯಭೂಮಿಯ ಯಾತ್ರೆ ಮಾಡುವೆನೆಂದು ಹರಕೆ ಹೊತ್ತು, ತನ್ನನ್ನು 'ಯಾತ್ರಿಕ'ನೆಂದೇ ಕರೆದುಕೊಂಡು 1614ರಲ್ಲಿ ವೆನಿಸ್ ಬಂದರಿನಿಂದ ಹಡಗು ಹತ್ತಿದ. ಜೆರುಸಲೇಮನ್ನು ಕಂಡ ಬಳಿಕ ಹಿಂದಿರುಗಬೇಕಿತ್ತು. ಹಿಂದಿರುಗಲಿಲ್ಲ. ಬಾಗ್ದಾದಿಗೆ ಹೋದ, ಅಲ್ಲಿ ಮದುವೆಯಾದ, ಪರ್ಷಿಯಾ ದೇಶವನ್ನು ಸುತ್ತಿದ, 1623ರ ಆರಂಭದಲ್ಲಿ ಸೂರತ್ತಿನಲ್ಲಿ ಇಳಿದ. ಒಟ್ಟು ಹನ್ನೆರಡು ವರ್ಷಗಳ ತಿರುಗಾಟ. ಹೋದಲ್ಲೆಲ್ಲ ಕಂಡುದನ್ನು ನೇಪಲ್ಸಿನ ತನ್ನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ಪತ್ರಗಳಾಗಿ ಬರೆದ. ಭಾರತದ ಪತ್ರಗಳ ಹಳೆಯ ಇಂಗ್ಲಿಷ್ ಅನುವಾದವನ್ನು 1892ರಲ್ಲಿ ಲಂಡನ್ನಿನ ಹಕ್ಲೂಯ್ಟ್ ಸೊಸೈಟಿಯವರು ಎರಡು ಸಂಪುಟಗಳಲ್ಲಿ ಮರುಮುದ್ರಿಸಿದರು. ಅವನಿಗಿಂತ ಮುಂಚೆಯೂ ಇಟಲಿಯವರು ಕನ್ನಡನಾಡಿಗೆ ಬಂದಿದ್ದರು. ನಿಕೊಲೊ ಕೊಂತಿ ವಿಜಯನಗರವನ್ನು ಕಂಡಿದ್ದ, ವರ್ತೇಮ ನಮ್ಮ ಕರಾವಳಿಯ ಬಂದರುಗಳನ್ನು ಕಂಡಿದ್ದ. ಆದರೆ ಅವರು ದೊಡ್ಡ ದೊಡ್ಡ ಸಂಗತಿಗಳನ್ನು ಬರೆದವರು. ಈತ ಮಕ್ಕಳು ಮಗ್ಗಿ ಕಲಿಯುವುದನ್ನು, ಹೆಂಗಸರು ಹಾಡುವುದನ್ನು, ಎಲೆಯ ಮೇಲೆ ಬಡಿಸಿದ್ದನ್ನು ಬರೆದವನು. ಆದ್ದರಿಂದ ನನಗೆ ಈತನೇ ಹತ್ತಿರದವನೆನಿಸುತ್ತಾನೆ.

ಹೊರಡುವ ದಿನ ಬೆಳಗಿನ ಜಾವ ನಾಲ್ಕಕ್ಕೇ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಫೆಬ್ರವರಿಯ ನಂತರ ಅಷ್ಟು ಮುಂಜಾನೆ ಆ ದೀಪವನ್ನು ಕಂಡಿರಲಿಲ್ಲ. ಹಲಸಿನ ಎಲೆಯ ಕೊಟ್ಟೆಗಳಲ್ಲಿ ಕಡುಬು ಬೇಯುತ್ತಿತ್ತು. ಕೋಳಿಯ ಸಾರು ಮಾಡಲೇ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ತಾಯಿ, "ದೇವಸ್ಥಾನದ ಊರಿಗೆ ಹೋಗುವವರು ಮಾಂಸದ ಬುತ್ತಿ ಕಟ್ಟಬಾರದು. ನಮ್ಮ ಇಗರ್ಜಿಯ ಅಂಗಳಕ್ಕೆ ಬರುವವರು ಚಪ್ಪಲಿ ಬಿಡುವುದಿಲ್ಲವೇ?" ಎಂದರು. ಹೀಗೆ ಕಡುಬು, ಕೆಂಪಕ್ಕಿಯ ಅನ್ನ, ಗಟ್ಟಿ ಮೊಸರು, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಜೊತೆಗೆ ಶಿರಸಿಯಿಂದ ತರಿಸಿದ್ದ ತೊಡದೇವು. ತೊಡದೇವಿನ ಬಗ್ಗೆ ನಮ್ಮವರಿಗೆ ಹೇಳಬೇಕಾದುದಿಲ್ಲ. ಆದರೆ ಈ ಪುಟವನ್ನು ಕರಾವಳಿಯವರೂ ಓದುತ್ತಾರಾದ್ದರಿಂದ ಹೇಳುತ್ತೇನೆ: ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬೋರಲು ಹಾಕಿದ ಬಿಸಿ ಮಡಕೆಯ ಬೆನ್ನಿನ ಮೇಲೆ ಬಟ್ಟೆಯಿಂದ ಒಮ್ಮೆ ಸವರಿ, ಕಾಗದದಂತೆ ತೆಳ್ಳಗೆ ಕಿತ್ತು ಮಡಚಿಟ್ಟರೆ ಅದೇ ತೊಡದೇವು. ಎರಡು ಕ್ಷಣ ತಡವಾದರೆ ಮಡಚುವುದಿಲ್ಲ, ಮುರಿಯುತ್ತದೆ.

ಯಲ್ಲಾಪುರದಿಂದ ತಂಗಿ ತನ್ನ ಇಬ್ಬರು ಮಕ್ಕಳೊಡನೆ ಹಿಂದಿನ ರಾತ್ರಿಯೇ ಬಂದಿದ್ದಳು. ಸಿದ್ದಾಪುರದಿಂದ ತಾಳಗುಪ್ಪದ ಮಾರ್ಗವಾಗಿ ಸಾಗರ, ಅಲ್ಲಿಂದ ಇಕ್ಕೇರಿ. ನಮಗೆ ಕಾರಿನಲ್ಲಿ ಒಂದು ಮುಂಜಾನೆಯ ದಾರಿ. ರೋಮಿನವನು ಬಂದದ್ದು ಈ ದಾರಿಯಲ್ಲಲ್ಲ, ಇದರ ನೆರೆಯ ದಾರಿಯಲ್ಲಿ. ಅದನ್ನೇ ಕಾರಿನಲ್ಲಿ ಕುಳಿತು ತಾಯಿಗೆ ನಮ್ಮ ಕೊಂಕಣಿಯಲ್ಲಿ ವಿವರಿಸುತ್ತ ಹೋದೆ.

1623ರ ಅಕ್ಟೋಬರಿನಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯೊಬ್ಬನನ್ನು ಕಳುಹಿಸಿದರು. ಕಾರಣ ಕರಿಮೆಣಸು. ಘಟ್ಟದ ಮೆಣಸೆಲ್ಲ ಆ ಕಾಲಕ್ಕೆ ವೆಂಕಟಪ್ಪನ ಕೈಯಲ್ಲಿತ್ತು. ಮಂಗಳೂರಿನ ಕಡೆಯ ಬಂಗರಸನ ಕೋಟೆಯನ್ನು ಅವನು ಕಿತ್ತುಕೊಂಡಿದ್ದ ತಕರಾರು ಬೇರೆ ಇತ್ತು. ಆ ರಾಯಭಾರಿಯ ತಂಡದ ಜೊತೆಗೆ ನಮ್ಮ ರೋಮಿನವನು ಕೇವಲ ಊರು ನೋಡುವ ಆಸೆಯಿಂದ ಹೊರಟ. ದಾರಿ ತೋರಲು ವೆಂಕಟಪ್ಪನ ಕಡೆಯ ಪ್ರತಿನಿಧಿ ವಿಠಲ ಶೆಣೈ. ಹೊನ್ನಾವರಕ್ಕೆ ಸಮುದ್ರದಿಂದ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆ ತಲುಪಿದರು. ಆ ಹೊಳೆಯ ಪಯಣದ ಸೊಬಗನ್ನು ಅವನು ಬಾಯ್ತುಂಬ ಹೊಗಳಿದ್ದಾನೆ. ಗೇರುಸೊಪ್ಪೆ ಮಾತ್ರ ಆಗಲೇ ಹಾಳು ಸುರಿಯುತ್ತಿತ್ತು. ಪೋರ್ಚುಗೀಸರಿಂದ 'ಮೆಣಸಿನ ರಾಣಿ' ಎನಿಸಿಕೊಂಡ ಚೆನ್ನಭೈರಾದೇವಿಯ ಆ ನಗರವನ್ನು ವೆಂಕಟಪ್ಪ ಗೆದ್ದು ಹೆಚ್ಚು ವರ್ಷಗಳಾಗಿರಲಿಲ್ಲ, ಅಷ್ಟರಲ್ಲೇ ಕಾಡು ಊರನ್ನು ನುಂಗಿತ್ತು. ಇಂದು ಅಲ್ಲಿ ನಿಂತಿರುವ ಚತುರ್ಮುಖ ಬಸದಿಯನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಸುತ್ತಲಿನ ಕಾಡು ಈಗಲೂ ಬಿಟ್ಟುಕೊಟ್ಟಿಲ್ಲ.

ಅಲ್ಲಿಂದ ಘಟ್ಟ. ಘಟ್ಟವನ್ನು ಹತ್ತುವಾಗ ಅವನಿಗೆ ನೆನಪಾದದ್ದು ತನ್ನ ಇಟಲಿಯ ಅಪೆನ್ನೈನ್ ಪರ್ವತಗಳು. ಪರದೇಶದಲ್ಲಿರುವ ನಮ್ಮ ಮಕ್ಕಳು ಎಲ್ಲಿ ಹಸಿರು ಕಂಡರೂ "ನಮ್ಮ ದೇವಿಮನೆ ಘಟ್ಟದ ಹಾಗಿದೆ" ಎಂದು ಫೋನು ಮಾಡುವುದಿಲ್ಲವೇ, ಹಾಗೆ. ಘಟ್ಟದ ಮೇಲಿನ ಒಂದು ದೇವಸ್ಥಾನದ ಜಗಲಿಯಲ್ಲಿ, ಹೊರೆಗಳನ್ನು ಕಟ್ಟುವವರೆಗೆ ಕಾಯುತ್ತ ಕುಳಿತವನು ಒಂದು ಸೋಜಿಗವನ್ನು ಕಂಡ. ನಾಲ್ವರು ಹುಡುಗರು ನೆಲದ ಮೇಲೆ ನಯವಾದ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದರು. ಒಬ್ಬ ಹಾಡಿ ಬರೆದರೆ ಉಳಿದವರು ಅದನ್ನೇ ಹಾಡಿ ಬರೆಯುವರು. ಮರಳು ತುಂಬಿತೆಂದರೆ ಅಳಿಸಿ ಹೊಸ ಮರಳು. ಗುರುಗಳಿಲ್ಲ. ಮರೆತುಹೋದರೆ ತಿದ್ದುವವರು ಯಾರೆಂದು ಕೇಳಿದ್ದಕ್ಕೆ ಹುಡುಗರು, ನಾಲ್ವರೂ ಒಂದೇ ಸಲ ಮರೆಯುವುದು ಹೇಗೆ ಸಾಧ್ಯ ಎಂದರಂತೆ. ರೋಮಿನ ಪಂಡಿತನು ಈ ವಿಧಾನವನ್ನು ಸುಲಭವೂ ಖಚಿತವೂ ಆದುದೆಂದು ಮೆಚ್ಚಿ ಬರೆದ.

ಇದನ್ನು ಹೇಳುತ್ತಿದ್ದಂತೆ ತಾಯಿ ಮೊದಲ ಬಾರಿಗೆ ನಕ್ಕರು. "ನಿಮ್ಮ ಅಪ್ಪ ಕಲಿತದ್ದು ಹಾಗೆಯೇ. ಮರಳಲ್ಲ, ಅಕ್ಕಿಹೊಟ್ಟು. ಶಾಲೆಗೆ ಹಾಕುವ ಮುಂಚೆ ಅವರ ಅಜ್ಜ ಮೊರದಲ್ಲಿ ಹೊಟ್ಟು ಹರಡಿ ಬರೆಸುತ್ತಿದ್ದರಂತೆ" ಎಂದರು. ಐವತ್ತು ವರ್ಷಗಳಿಂದ ಆ ಮನೆಯಲ್ಲಿ ಬೆಳೆದ ನಾನು ಈ ಮಾತನ್ನು ಅದುವರೆಗೆ ಕೇಳಿರಲಿಲ್ಲ. ಹಿಂದಿನ ಸೀಟಿನ ಮಕ್ಕಳು ಮೊಬೈಲಿನಿಂದ ತಲೆಯೆತ್ತಿ, ಅಕ್ಕಿಹೊಟ್ಟೆಂದರೆ ಏನೆಂದು ಕೇಳಿದರು. ಆ ವಿವರಣೆಗೆ ತಾಳಗುಪ್ಪದವರೆಗಿನ ದಾರಿ ಸಾಲಲಿಲ್ಲ.

ಸಾಗರದ ಪೇಟೆಯಲ್ಲಿ ಚಹಾ ಕುಡಿದು ಇಕ್ಕೇರಿಗೆ ಹೊರಳಿದೆವು. ಸಾಗರದ ಹೆಸರೂ ಆ ಪತ್ರದಲ್ಲಿದೆ. ಅಲ್ಲಿಂದ ಇಕ್ಕೇರಿ ಹತ್ತಿರ. ಇಂದಿನ ಇಕ್ಕೇರಿ ಒಂದು ಪುಟ್ಟ ಹಳ್ಳಿ: ಅಡಿಕೆ ತೋಟ, ಗದ್ದೆ, ಹೆಂಚಿನ ಮನೆಗಳು, ನಡುವೆ ಭವ್ಯವಾದ ಅಘೋರೇಶ್ವರ ದೇವಾಲಯ. 1623ರ ನವೆಂಬರಿನಲ್ಲಿ ಇದು ರಾಜಧಾನಿ. ಕೆಳದಿಯ ಅರಸರು ಮೂಲದ ಊರಾದ ಕೆಳದಿಯಿಂದ ಇಲ್ಲಿಗೆ ಬಂದಿದ್ದರು. ಮುಂದೆ 1639ರ ಸುಮಾರಿಗೆ ಬಿದನೂರಿಗೆ ಹೋದರು. ಅಂದರೆ ನಮ್ಮ ರೋಮಿನವನು ನೋಡಿಹೋದ ಹದಿನಾರೇ ವರ್ಷಗಳಲ್ಲಿ ಈ ಊರಿನ ರಾಜವೈಭವ ಮುಗಿಯಿತು. ನಗರವನ್ನು ಕಂಡಂತೆ ಬರೆದಿಟ್ಟ ಪರದೇಶಿಯರಲ್ಲಿ ಈತ ಮುಖ್ಯನಾದುದು ಈ ಕಾರಣಕ್ಕೂ ಹೌದು.

ಅವನು ಊರನ್ನು ಅತಿಯಾಗಿ ಹೊಗಳಲಿಲ್ಲ, ಅದೇ ನನಗೆ ಮೆಚ್ಚಿಕೆಯಾಗುವ ಗುಣ. ಸುಂದರವಾದ ಬಯಲಿನಲ್ಲಿದೆ, ಸುತ್ತಲೂ ಮೂರು ಆವರಣಗಳಿವೆ, ಆದರೆ ಹೊರಗಿನದು ಕಲ್ಲಿನ ಗೋಡೆಯಲ್ಲ, ಒತ್ತಾಗಿ ನೆಟ್ಟ ಎತ್ತರದ ಬಿದಿರಿನ ಬೇಲಿ ಎಂದ. ಕುದುರೆಯಾಗಲಿ ಕಾಲಾಳಾಗಲಿ ನುಗ್ಗಲಾರದಂಥ ಬಿದಿರಮೆಳೆ! ಬೀದಿಗಳು ಉದ್ದ ಅಗಲವಾಗಿವೆ, ಮನೆಗಳು ವಿರಳವಾಗಿವೆ, ಅವೂ ಅಂಥ ಚೆಂದವಿಲ್ಲ ಎಂದ. ಊರೊಳಗೇ ದೊಡ್ಡ ದೊಡ್ಡ ಕೆರೆಗಳು, ಗದ್ದೆಗಳು, ತೋಪುಗಳು ಇದ್ದುದರಿಂದ ನಗರವೋ ಕಾಡೋ ತಿಳಿಯದಂತಿದೆ ಎಂದ. ರೋಮಿನ ಕಲ್ಲಿನ ಓಣಿಗಳಲ್ಲಿ ಬೆಳೆದವನ ಕಣ್ಣಿಗೆ ಅದು ಹಾಗೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಮಲೆನಾಡಿನವರಾದ ನಮಗೆ ತೋಟವಿಲ್ಲದ ಊರು ಊರೇ ಅಲ್ಲ. ಶಿರಸಿಯ ಪೇಟೆಯಲ್ಲೂ ಹಿತ್ತಿಲು ಇಟ್ಟುಕೊಳ್ಳಲು ಹಟ ಮಾಡುವ ಜನ ನಾವು.

ದೇವಾಲಯದ ಅಂಗಳ ಹಸಿಯಾಗಿತ್ತು, ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಬೂದುಬಣ್ಣದ ಕಣಶಿಲೆಯ ಆ ಕಟ್ಟಡದ ಎದುರಿಗೆ ಕಮಾನುಗಳ ಮಂಟಪದಲ್ಲಿ ದೊಡ್ಡ ನಂದಿ. ಒಳಗೆ ನೆಲದ ಕಲ್ಲಿನಲ್ಲಿ ಕೆಳದಿ ಅರಸರ ಮೂವರ ಆಕೃತಿಗಳನ್ನು ಸಾಷ್ಟಾಂಗ ನಮಸ್ಕಾರದ ಭಂಗಿಯಲ್ಲಿ ಕೆತ್ತಿ ಹೆಸರು ಬರೆದಿದ್ದಾರೆ: ಸದಾಶಿವ, ಭದ್ರ, ಹುಚ್ಚ ಸಂಕಣ್ಣ. ಅರಸರಾದರೂ ಬರುವವರ ಕಾಲಕೆಳಗೆ ಮಲಗಿದ್ದಾರೆ. ಇಟಲಿಯ ದೇವಾಲಯಗಳ ನೆಲದಲ್ಲಿಯೂ ಹೀಗೆಯೇ ದೊಡ್ಡವರ ಸಮಾಧಿಶಿಲೆಗಳಿದ್ದು ಜನರು ಅವುಗಳ ಮೇಲೆ ನಡೆದುಹೋಗುತ್ತಾರೆ. ಪಿಯೆತ್ರೊ ಇಲ್ಲಿ ಕಂಡ ದೇವರ ಮೂರ್ತಿಗೆ ಒಂದು ತಲೆ, ಒಂದೊಂದು ಪಕ್ಕಕ್ಕೆ ಹದಿನಾರರಂತೆ ಮೂವತ್ತೆರಡು ಕೈಗಳಿದ್ದವು ಎಂದು ಎಣಿಸಿ ಬರೆದಿದ್ದಾನೆ. ಆ ಮೂರ್ತಿ ಈಗಿಲ್ಲ. ಅದನ್ನು ಹೊತ್ತಿದ್ದ ವಿಶಾಲವಾದ ಪೀಠ ಉಳಿದಿದೆ, ಪೀಠವನ್ನು ನೋಡಿದರೇ ಮೂರ್ತಿಯ ಗಾತ್ರವನ್ನು ಊಹಿಸಬಹುದು. ಅನ್ಯರ ಪೂಜಾಸ್ಥಾನದ ಬಗ್ಗೆ ಬರೆಯುವಾಗ ಅವನ ಲೇಖನಿ ಆ ಕಾಲದ ಯುರೋಪಿನವರಂತೆ ಕೆಲವೆಡೆ ಕಟುವಾಗುತ್ತದೆ, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಆದರೆ ಕಟುಮಾತಿಗಿಂತ ಮುಂಚೆ ಅವನು ಕಂಬಗಳನ್ನು ನೋಡಿದ, ಕೈಗಳನ್ನು ಎಣಿಸಿದ, ಹೆಸರು ಕೇಳಿ ಬರೆದುಕೊಂಡ.

ಮಧ್ಯಾಹ್ನ ದೇವಾಲಯದ ಆವರಣದ ಹೊರಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ತಾಯಿ ಬಾಳೆಯೆಲೆಗಳನ್ನು ಸೀಳಿ ಬಡಿಸುತ್ತಿದ್ದಾಗ ಮಕ್ಕಳು, ಆ ರೋಮಿನವನು ಇಲ್ಲಿ ಏನು ತಿಂದ ಎಂದು ಕೇಳಿದರು. ಅವನ ಊಟದ ಬಹು ಸೊಗಸಾದ ವರ್ಣನೆಯಿರುವುದು ಇಕ್ಕೇರಿಯದಲ್ಲ, ಮುಂದಿನ ತಿಂಗಳ ಉಳ್ಳಾಲದ್ದು. ಇಕ್ಕೇರಿಯಿಂದ ಘಟ್ಟವಿಳಿದು ಬಸರೂರಿನ ಮೂಲಕ ಮಂಗಳೂರಿಗೆ ಹೋದವನು ಉಳ್ಳಾಲದ ರಾಣಿಯನ್ನು ಕಂಡ. ಕಾಲುವೆ ತೋಡಿಸುವ ಕೆಲಸವನ್ನು ತಾನೇ ನಿಂತು ನೋಡಿಕೊಳ್ಳುತ್ತ ಬರಿಗಾಲಿನಲ್ಲಿ ಬರುತ್ತಿದ್ದ ಆಕೆಯನ್ನು ಉಡುಪಿನಿಂದ ಅಡುಗೆಯವಳೆಂದುಕೊಳ್ಳಬಹುದಿತ್ತು, ಮಾತಿನಿಂದ ಮಾತ್ರ ರಾಣಿ ಎಂದು ಬರೆದ. ಆಕೆಯ ಮಗ ಚೆಲುವರಾಯನು ಅವನನ್ನು ಊಟಕ್ಕೆ ಕೂರಿಸಿದ. ನೆಲದ ಮೇಲೆ ಬಾಳೆಯೆಲೆ, ಎಲೆಯ ತುಂಬ ಅನ್ನ, ಬದಿಗೆ ಉಪ್ಪು, ಉಪ್ಪಿನಕಾಯಿ, ಪಲ್ಯ. ಅತಿಥಿಯು ತನ್ನ ಚಮಚ ಮುಳ್ಳುಚಮಚಗಳನ್ನು ಹೊರತೆಗೆದು ಕೈ ಹೊಲಸಾಗದಂತೆ ಉಣ್ಣತೊಡಗಿದಾಗ ನೋಡಲು ನೆರೆದವರೆಲ್ಲ ಅಚ್ಚರಿಯಿಂದ "ದೇವರು, ದೇವರು" ಎಂದು ಉದ್ಗರಿಸಿದರಂತೆ. ಆ ಕನ್ನಡ ಶಬ್ದವನ್ನು ಅವನು ಹಾಗೆಯೇ ರೋಮನ್ ಅಕ್ಷರಗಳಲ್ಲಿ ಬರೆದಿಟ್ಟಿದ್ದಾನೆ. ಪಾತ್ರೆಗೆ ತುಟಿ ತಾಗಿಸದೆ ನೀರನ್ನು ಎತ್ತಿ ಕುಡಿಯುವ ನಮ್ಮವರ ಪದ್ಧತಿಯೂ ಅವನ ಗಮನಕ್ಕೆ ಬಿದ್ದಿತ್ತು. ಇದನ್ನು ಕೇಳಿದ್ದೇ ತಡ, ತಂಗಿಯ ಮಗ ತಂಬಿಗೆ ಎತ್ತಿ ಕುಡಿಯಲು ಹೋಗಿ ಅಂಗಿಯನ್ನೆಲ್ಲ ನೆನೆಸಿಕೊಂಡ. ಬಾಟಲಿಯ ಮಕ್ಕಳು!

ಅಪ್ಪೆಮಿಡಿಯ ಭರಣಿ ತೆರೆದಾಗ ಬಂದ ಪರಿಮಳದ ಬಗ್ಗೆ ಒಂದು ಮಾತು ಬರೆಯದೆ ಇರಲಾರೆ. ಅಘನಾಶಿನಿ, ಶರಾವತಿಗಳ ದಂಡೆಯ ಆ ಮಿಡಿಗಳನ್ನು ತಂದೆಯವರೇ ಪ್ರತಿ ವರ್ಷ ಕೊಯ್ಯಿಸಿ ತರುತ್ತಿದ್ದರು. ನೆಲಕ್ಕೆ ಬಿದ್ದ ಮಿಡಿ ಕೆಡುತ್ತದೆಂದು ಕೊಯ್ಯುವವನ ಬೆನ್ನ ಹಿಂದೆಯೇ ನಿಲ್ಲುವವರು. ಈ ಭರಣಿ ಕಳೆದ ವರ್ಷದ್ದು, ಅವರು ತಂದ ಕೊನೆಯದು. ತಾಯಿ ಎಲ್ಲರ ಎಲೆಗೂ ಒಂದೊಂದು ಮಿಡಿಯನ್ನಿಟ್ಟರು, ತಮ್ಮ ಎಲೆಗೆ ಇಟ್ಟುಕೊಳ್ಳಲಿಲ್ಲ. ನಾವು ಯಾರೂ ಕೇಳಲಿಲ್ಲ.

ಊಟವಾದ ಮೇಲೆ ತಾಯಿಯೇ, "ಮತ್ತೇನು ನೋಡಿದ ಅವನು?" ಎಂದರು. ಕೋಲಾಟವನ್ನು ನೋಡಿದ ಎಂದೆ. ಇಕ್ಕೇರಿಯ ಬೀದಿಯಲ್ಲಿ ಗೌರಿಯ ಹಬ್ಬಕ್ಕೆಂದು ಹೆಂಗಸರು ಗೇಣುದ್ದದ ಬಣ್ಣದ ಕೋಲುಗಳನ್ನು ಹಿಡಿದು, ತಾಳಕ್ಕೆ ಸರಿಯಾಗಿ ಕುಟ್ಟುತ್ತ ಕುಣಿಯುತ್ತಿದ್ದರು. ಒಬ್ಬಳು ಒಂದು ನುಡಿ ಹಾಡಿದರೆ ಉಳಿದವರೆಲ್ಲ ಕೊನೆಗೆ "ಕೋಲೇ, ಕೋಲೇ, ಕೋಲೇ" ಎನ್ನುವರು. ಅದರ ಅರ್ಥ ನನಗೆ ತಿಳಿಯದು, ಆನಂದದ ಶಬ್ದವಿರಬೇಕು ಎಂದು ಆ ಮಹಾಶಯ ಬರೆದಿದ್ದಾನೆ. ಅರ್ಥ ತಪ್ಪಿತು, ಆದರೆ ತಪ್ಪಿತೆನ್ನಲೂ ಮನಸ್ಸು ಬರುವುದಿಲ್ಲ.

ಮುಂದಿನದನ್ನು ಹೇಳಲೇ ಬೇಡವೇ ಎಂದು ಹಿಂಜರಿದೆ. ಗಂಡನನ್ನು ಕಳೆದುಕೊಂಡು ಒಂಬತ್ತು ತಿಂಗಳಾದ ಹೆಂಗಸಿಗೆ ಹೇಳುವ ಕಥೆಯಲ್ಲ ಅದು. ಆದರೆ ಇಕ್ಕೇರಿಯ ಪತ್ರದ ಹೃದಯವಿರುವುದೇ ಅಲ್ಲಿ. ತಾಯಿ ನನ್ನ ಮುಖ ನೋಡಿ, "ಹೇಳು" ಎಂದರು.

ನವೆಂಬರ್ 16ರ ರಾತ್ರಿ ಪಿಯೆತ್ರೊ ಬಿಡಾರಕ್ಕೆ ಮರಳುತ್ತಿದ್ದಾಗ ಬೀದಿಯಲ್ಲಿ ಒಂದು ಮೆರವಣಿಗೆ ಎದುರಾಯಿತು. ಕುದುರೆಯ ಮೇಲೆ ಮುಖ ತೆರೆದು ಕುಳಿತ ಒಬ್ಬ ಹೆಂಗಸು, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು. ಗಂಡ ಸತ್ತಿದ್ದ, ಆಕೆ ಬೆಂಕಿಗೆ ಬೀಳಲು ನಿಶ್ಚಯಿಸಿ ಪದ್ಧತಿಯಂತೆ ಊರಿನಲ್ಲಿ ಸುತ್ತುತ್ತಿದ್ದಳು. ಕನ್ನಡಿಯನ್ನು ನೋಡುತ್ತ ಲೋಕಕ್ಕೆ ವಿದಾಯ ಹೇಳುವಂತೆ ಹಾಡುತ್ತಿದ್ದಳು. ಬೇರೆ ಯಾತ್ರಿಕರಾಗಿದ್ದರೆ ಸುಡುವುದನ್ನು ನೋಡಿ, ಬರೆದು, ಮುಂದೆ ಸಾಗುತ್ತಿದ್ದರು. ಈತ ಆಕೆಯ ಮನೆಯನ್ನು ಹುಡುಕಿಕೊಂಡು ಹೋದ. ಅಂಗಳದಲ್ಲಿ ಜನರ ನಡುವೆ ಕುಳಿತು ನಗುತ್ತ ಮಾತಾಡುತ್ತಿದ್ದವಳು ಇವನನ್ನು ಕಂಡು ಎದ್ದು ಬಂದಳು. ಹೆಸರು ಕೇಳಿದ. ಜಕ್ಕಮ್ಮ. ತೆಲುಗರ ಪೈಕಿ. ಗಂಡ ನಗಾರಿ ಬಾರಿಸುವವನು. ರಾಣಿಯಲ್ಲ, ಸಾಮಂತನ ಮಡದಿಯಲ್ಲ, ನಗಾರಿಯವನ ಹೆಂಡತಿ. ಎಳೆಯ ಮಗುವೂ ಇತ್ತು. ಆ ಮಗುವಿನ ಸಲುವಾಗಿಯಾದರೂ ಬದುಕಬೇಕೆಂದು ಅವನು ದುಭಾಷಿಯ ಮೂಲಕ ಬಗೆಬಗೆಯಾಗಿ ಬೇಡಿಕೊಂಡ. ಆಕೆಯ ನಿರ್ಧಾರ ಕದಲಲಿಲ್ಲ. ಯಾರೂ ಬಲವಂತ ಮಾಡಿಲ್ಲ, ತನ್ನ ಇಚ್ಛೆ ಎಂದಳು. ಹಾಗೆಂದು ಆಕೆ ಹೇಳಿದಳೆಂಬುದು ಮಾತ್ರ ನಮಗೆ ಗೊತ್ತು. ಸುತ್ತಲೂ ಅಷ್ಟು ಜನ ನಿಂತಿರುವಾಗ ಬೇರೆ ಏನು ಹೇಳಬಹುದಿತ್ತು ಎಂದು ನಾನು ಪ್ರತಿಸಲ ಓದುವಾಗಲೂ ಕೇಳಿಕೊಳ್ಳುತ್ತೇನೆ. ಕೊನೆಗೆ ಅವನು, ನಿನ್ನ ಹೆಸರು ಅಳಿಯದಂತೆ ನನ್ನ ಕೈಲಾದಷ್ಟು ಬರೆದಿಡುವೆನೆಂದು ಮಾತು ಕೊಟ್ಟು ಬಂದ. ಆಕೆಯನ್ನು ಕುರಿತು ಇಟಾಲಿಯನ್ ಭಾಷೆಯಲ್ಲಿ ಪದ್ಯಗಳನ್ನೂ ರಚಿಸಿದ. ನಗಾರಿಯವನ ಹೆಂಡತಿಯ ಹೆಸರು ಇವತ್ತು ನನಗೂ ನಿಮಗೂ ತಿಳಿದಿರುವುದು ಆ ಮಾತಿನಿಂದ.

ತಾಯಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ ಪ್ರಶ್ನೆ ನಾನು ನಿರೀಕ್ಷಿಸಿದ್ದಲ್ಲ: "ಅಷ್ಟು ಬೇಡಿಕೊಳ್ಳಲು ಅವನಿಗೆ ಆಕೆ ಏನಾಗಬೇಕಿತ್ತು? ಅವನ ಹೆಂಡತಿ ಎಲ್ಲಿದ್ದಳು?"

ಹೆಂಡತಿ ಸತ್ತು ಆಗ ಎರಡು ವರ್ಷವೂ ತುಂಬಿರಲಿಲ್ಲ. ಬಾಗ್ದಾದಿನಲ್ಲಿ ಅವನು ಕೈಹಿಡಿದ ಹುಡುಗಿ ಸಿತ್ತಿ ಮಾನಿ. ಪೂರ್ವದೇಶದ ಕ್ರೈಸ್ತ ಕುಟುಂಬದವಳು. ಐದು ವರ್ಷ ಪರ್ಷಿಯಾದ ಉದ್ದಗಲಕ್ಕೂ ಅವನ ಜೊತೆ ಅಲೆದಳು. ಭಾರತಕ್ಕೆ ಬರಲೆಂದು ಸಮುದ್ರತೀರಕ್ಕೆ ಇಳಿದಾಗ ಯುದ್ಧದಿಂದ ಬಂದರು ಮುಚ್ಚಿತ್ತು. ಜ್ವರದ ಊರಿನಲ್ಲಿ ಕಾಯಬೇಕಾಯಿತು. ಬಸುರಿಯಾಗಿದ್ದಳು, ಮಗು ಉಳಿಯಲಿಲ್ಲ. 1621ರ ಡಿಸೆಂಬರ್ 30ರಂದು ಮಿನಾಬ್ ಎಂಬಲ್ಲಿ ತಾನೂ ಕಣ್ಣು ಮುಚ್ಚಿದಳು. ಆಗ ಆಕೆಗೆ ಇಪ್ಪತ್ತಮೂರು. ಅನ್ಯದೇಶದ ಮಣ್ಣಿನಲ್ಲಿ ಒಂಟಿಯಾಗಿ ಮಲಗಿಸಿ ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಕರ್ಪೂರದಿಂದ ದೇಹವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿರಿಸಿ, ಹಡಗಿನವರಿಗೆ ತಿಳಿಯದಂತೆ ಬಟ್ಟೆಬರೆಯ ಗಂಟೆಂದು ಹೇಳಿ ಭಾರತಕ್ಕೆ ತಂದ. ಇಲ್ಲಿಂದ ಮತ್ತೆ ಮರುಭೂಮಿ ದಾಟಿ, 1626ರಲ್ಲಿ ರೋಮ್ ಮುಟ್ಟಿಸಿದ. ಮರುವರ್ಷ ಕ್ಯಾಪಿಟಲ್ ಗುಡ್ಡದ ಮೇಲಿನ ಆರಾಚೇಲಿ ಮಾತೆ ಮರಿಯಳ ದೇವಾಲಯದಲ್ಲಿ ತನ್ನ ಮನೆತನದ ಸಮಾಧಿಯಲ್ಲಿ ಅಡಗಿಸಿದ. ಚರಮೋಪದೇಶವನ್ನು ತಾನೇ ಓದಲು ನಿಂತವನು ಅಳು ಉಕ್ಕಿ ಬಂದು ಪೂರ್ತಿಗೊಳಿಸಲಾರದೆ ಹೋದ.

"ಆಮೇಲೆ?" ಎಂದರು ತಾಯಿ.

ಆಮೇಲಿನದನ್ನೂ ಮುಚ್ಚಿಡದೆ ಹೇಳಿದೆ. ಮಾನಿ ತಾನು ಬದುಕಿರುವಾಗಲೇ ಮರಿಯುಚ್ಚಾ ಎಂಬ ಜಾರ್ಜಿಯಾ ದೇಶದ ಅನಾಥ ಬಾಲಕಿಯನ್ನು ಸಾಕಿಕೊಂಡಿದ್ದಳು. ಆಕೆಯೂ ಪಿಯೆತ್ರೊನೊಡನೆ ಭಾರತಕ್ಕೆ ಬಂದು ರೋಮಿಗೆ ಹೋದಳು. ಮುಂದೆ ಅವನು ಅವಳನ್ನೇ ಮದುವೆಯಾದ, ಹದಿನಾಲ್ಕು ಮಕ್ಕಳಾದರು. ತಂಗಿಗೆ ಇದು ಸರಿಬರಲಿಲ್ಲ, "ಅಷ್ಟು ಅತ್ತವನು!" ಎಂದಳು. ತಾಯಿ ಮಾತ್ರ, "ಸಾಕಿದ ಹುಡುಗಿಯನ್ನು ನಡುನೀರಿನಲ್ಲಿ ಬಿಡಲಿಲ್ಲವಲ್ಲ" ಎಂದು ತೊಡದೇವಿನ ಕಟ್ಟನ್ನು ಬಿಚ್ಚಿದರು. ನನಗೆ ತಂಗಿಯ ಮಾತೂ ಸರಿಯೆನಿಸಿತು, ತಾಯಿಯ ಮಾತೂ ಸರಿಯೆನಿಸಿತು. ಈಗಲೂ ಹಾಗೆಯೇ ಇದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಚುಟುಕಾಗಿ ಸೇರಿಸುತ್ತೇನೆ. ಇಕ್ಕೇರಿಯ ಈ ಅರಸುಮನೆತನಕ್ಕೂ ನಮ್ಮ ಸಮುದಾಯಕ್ಕೂ ನಂಟಿದೆ. ಮೆಣಸಿಗಾಗಿ, ಅಕ್ಕಿಗಾಗಿ ಪೋರ್ಚುಗೀಸರೊಡನೆ ಜಗಳವಾಡುತ್ತಲೇ ಇದ್ದ ಕೆಳದಿಯವರು 1678ರಲ್ಲಿ, ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ ಆದ ಒಪ್ಪಂದದಂತೆ ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಲು ಸಮ್ಮತಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ಸಂತ ಜೋಸೆಫ್ ವಾಜರು ಗೋವೆಯಿಂದ ಕೆನರಾಕ್ಕೆ ಬಂದು ಸೇವೆ ಮಾಡಿದ್ದು ಇದೇ ಅರಸರ ಸೀಮೆಯಲ್ಲಿ. ನಮ್ಮ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಬಂದದ್ದು ಬಹಳ ಈಚೆಗೆ. ಆದರೂ ಇಕ್ಕೇರಿಯ ಅಂಗಳದಲ್ಲಿ ನಾವು ತೀರ ಪರಕೀಯರೇನಲ್ಲ ಎಂದು ಮಕ್ಕಳಿಗೆ ಹೇಳಬೇಕೆನಿಸಿ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ನಂದಿಯ ಮಂಟಪದ ಕಮಾನುಗಳಲ್ಲಿ ಕಣ್ಣುಮುಚ್ಚಾಲೆ ಆಡುತ್ತಿದ್ದರು.

ಹಿಂದಿರುಗುವಾಗ ಕೆಳದಿಯನ್ನೂ ನೋಡುವ ಯೋಚನೆಯಿತ್ತು. ಹೊತ್ತಾಯಿತು. ಇನ್ನೊಮ್ಮೆ ನೋಡೋಣವೆಂದುಕೊಂಡೆವು. ತಾಳಗುಪ್ಪ ದಾಟುವಾಗ ತಾಯಿ ನನ್ನ ಕೈಯಲ್ಲಿ ಚೀಟಿಯೊಂದನ್ನು ಕೊಟ್ಟು, ಆ ರೋಮಿನ ದೇವಾಲಯದ ಹೆಸರನ್ನು ಬರೆಯಲು ಹೇಳಿದರು. ಮನೆ ಸೇರಿದವರೇ ಯಾತ್ರೆಗೆ ಹೋಗಿದ್ದ ನೆರೆಮನೆಯಾಕೆಗೆ ಫೋನು ಮಾಡಿಸಿದರು. ಆರಾಚೇಲಿ ದೇವಾಲಯ ಯಾತ್ರಿಕರ ಕಾರ್ಯಕ್ರಮದಲ್ಲಿ ಇರಲಿಲ್ಲ. ಆದರೂ ಆ ಪುಣ್ಯಾತ್ಮಳು ಬಿಡುವಿನ ಒಂದು ಮಧ್ಯಾಹ್ನ ದಾರಿ ಕೇಳಿಕೊಂಡು ಗುಡ್ಡದ ಬುಡದವರೆಗೆ ಹೋದಳು. ಅಲ್ಲಿ 124 ಮೆಟ್ಟಿಲುಗಳು! ಮೊಣಕಾಲು ನೋವಿನವಳು, ಹತ್ತಲಾಗಲಿಲ್ಲ. ಕೆಳಗೇ ನಿಂತು ಮೆಟ್ಟಿಲುಗಳ ಫೋಟೊ ತೆಗೆದು ಕಳುಹಿಸಿದಳು. ತಾಯಿ ಅದನ್ನು ಮೊಮ್ಮಗನಿಂದ ದೊಡ್ಡದು ಮಾಡಿಸಿ ಮಾಡಿಸಿ ನೋಡಿದರು. ಮೆಟ್ಟಿಲುಗಳ ತುದಿಯಲ್ಲಿ ದೇವಾಲಯದ ಬರಿಯ ಇಟ್ಟಿಗೆಯ ಗೋಡೆ, ಬಾಗಿಲು ಕಾಣುತ್ತಿತ್ತು. "ನಿಮ್ಮ ಅಪ್ಪನಿಗೂ ಹತ್ತಲಾಗುತ್ತಿರಲಿಲ್ಲ" ಎಂದರು.

ನವೆಂಬರ್ ನಮ್ಮಲ್ಲಿ ಮೃತರ ಸ್ಮರಣೆಯ ತಿಂಗಳು. ಇಗರ್ಜಿಯಲ್ಲಿ ಇಟ್ಟಿರುವ ಲಕೋಟೆಯಲ್ಲಿ ಪ್ರತಿ ಮನೆಯವರೂ ತಮ್ಮ ಮೃತರ ಹೆಸರುಗಳನ್ನು ಬರೆದು ಕೊಡುತ್ತಾರೆ, ತಿಂಗಳ ಬಲಿಪೂಜೆಗಳಲ್ಲಿ ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಆ ಭಾನುವಾರ ತಾಯಿ ತಾವೇ ಲಕೋಟೆಯನ್ನು ಕೊಟ್ಟು ಬಂದರು. ಸಂಜೆ ಇಗರ್ಜಿಯಲ್ಲಿ ಹೆಸರುಗಳನ್ನು ಪಟ್ಟಿ ಮಾಡುವ ಯುವಕ ನನಗೆ ಫೋನು ಮಾಡಿದ. ತಂದೆಯವರ ಹೆಸರು ಸರಿಯಾಗಿದೆ, ಅದರ ಕೆಳಗೆ ಇನ್ನೆರಡು ಹೆಸರುಗಳಿವೆ, ಒಂದು ಮಾನಿ, ಇನ್ನೊಂದು ಜಕ್ಕಮ್ಮ. ನಿಮ್ಮ ಮನೆತನದಲ್ಲಿ ಈ ಹೆಸರಿನವರು ಯಾರೂ ಇದ್ದ ನೆನಪಿಲ್ಲವಲ್ಲ, ಬರೆಯುವಾಗ ಅಮ್ಮನವರಿಗೆ ಏನಾದರೂ ತಪ್ಪಾಯಿತೇ ಎಂದು ಕೇಳಿದ.

ಫೋನನ್ನು ತಾಯಿಯ ಕೈಗೆ ಕೊಟ್ಟೆ. ತಪ್ಪೇನಿಲ್ಲ, ಹಾಗೆಯೇ ಓದಿ ಎಂದರು. ಆ ಹುಡುಗ ಮತ್ತೇನೋ ಕೇಳಿರಬೇಕು. "ಒಬ್ಬಳು ರೋಮಿನವಳು, ಇನ್ನೊಬ್ಬಳು ಇಲ್ಲೇ, ಇಕ್ಕೇರಿಯವಳು" ಎಂದು ಹೇಳಿ ಫೋನನ್ನು ನನಗೆ ಹಿಂದಿರುಗಿಸಿ, ಅಡುಗೆಮನೆಗೆ ಹೋದರು.